ಎಂಟುನೂರ ಹನ್ನೊಂದನೇ ಸಾಲು

ನಮ್ಮೂರಿನಲ್ಲಿ ಸಾಲು ಬರೆಯುವವರಿಗೆ ಇರುವ ಮರ್ಯಾದೆ ಸಾಲು ಅಳಿಸುವವರಿಗಿಲ್ಲ. ಬರೆದವರ ಹೆಸರನ್ನು ಸಾಲಿನ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಹಾಕುತ್ತಾರೆ, ಮದುವೆ ಮನೆಗಳಲ್ಲಿ ಅವರನ್ನು ಮುಂದಿನ ಕುರ್ಚಿಗೆ ಕರೆದು ಕೂರಿಸುತ್ತಾರೆ. ಅಳಿಸಿದವಳ ಹೆಸರನ್ನು ಎಲ್ಲಿ ಹಾಕುವುದು? ಅಳಿಸಿದ ಮೇಲೆ ಅಲ್ಲಿ ಜಾಗವೇ ಉಳಿದಿರುವುದಿಲ್ಲ. ನಾನು ಸಾಲುಮನೆಯ ಕಳೆ ವಿಭಾಗದಲ್ಲಿ ಇಪ್ಪತ್ತೊಂದು ವರ್ಷದಿಂದ ಇದ್ದೇನೆ. ಪೂರ್ತಿ ಹೆಸರು ಜ್ವಾಲಾಮಾಲಿನಿ. ಅಷ್ಟುದ್ದ ಕರೆಯುವ ವ್ಯವಧಾನ ಯಾರಿಗೂ ಇಲ್ಲವಾದ್ದರಿಂದ ಎಲ್ಲರಿಗೂ ಮಾಲಿನಿ. ಬೇಡದ್ದನ್ನು ಕೂಡಿಟ್ಟುಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಹರಿದ ಚೀಲ, ಖಾಲಿ ಡಬ್ಬಿ, ಹಳೇ ಕ್ಯಾಲೆಂಡರು ಒಂದು ದಿನ ಹೆಚ್ಚಿಗೆ ಇರುವುದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ.

ಸಾಲುಮನೆ ಎಂದರೆ ಬಸ್ ನಿಲ್ದಾಣದ ಹಿಂದಿನ ಕಲ್ಲುಕಟ್ಟಡ. ಅದರ ನೆಲಮಾಳಿಗೆಯಲ್ಲಿ ದೊಡ್ಡಯಂತ್ರವಿದೆ, ಯಂತ್ರದೊಳಗೆ ಒಂಬತ್ತು ಊರುಗಳಿವೆ. ಪರಸ್ಥಳದಿಂದ ಬಂದವರು ಅಷ್ಟು ಊರುಗಳು ಅದರೊಳಗೆ ಹೇಗೆ ಹಿಡಿಯುತ್ತವೆ ಎಂದು ಕೇಳುತ್ತಾರೆ. ಹಿಡಿಯುತ್ತವೆ. ಒಂದೊಂದು ಊರಿಗೂ ಹಿಂದೆ ತನ್ನದೇ ಆದ ಯಂತ್ರವಿತ್ತು, ಆ ಯಂತ್ರವೇ ಅದರ ನೆಲ. ಯಂತ್ರ ಸವೆದುಹೋದಾಗ ಊರನ್ನು ಬಾವಿ, ಬೀದಿ, ಜನ, ನಾಯಿಗಳ ಸಮೇತ ಎತ್ತಿ ತಂದು ನಮ್ಮ ದೊಡ್ಡಯಂತ್ರದೊಳಗೆ ಇಳಿಸಿದರು. ಅಂದಿನಿಂದ ಆ ಊರುಗಳು ಕೇಳಿದ್ದನ್ನು ಕೊಡುವುದು ನಮ್ಮ ಕೆಲಸ. ಒಳಗೆ ಯಾರಾದರೂ ಬಾಗಿಲು ದೂಡಿದರೆ, ದೀಪ ಹಚ್ಚಿದರೆ, ಆ ಊರು ತನ್ನ ಹಳೆಯ ರೀತಿಯಲ್ಲೇ ನಮ್ಮನ್ನು ಕೇಳುತ್ತದೆ. ದೊಡ್ಡಯಂತ್ರ ಸಾಲುಪುಸ್ತಕದಲ್ಲಿ ಅದಕ್ಕೆಂದು ಬರೆದಿಟ್ಟ ಸಾಲನ್ನು ಹುಡುಕಿ ಅದರಂತೆ ನಡೆಸುತ್ತದೆ. ಸಾಲಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

ನನ್ನ ಅಕ್ಕ ಅನಂತಮತಿ ಮೊದಲನೇ ಒಳಊರಿನಲ್ಲಿದ್ದಾಳೆ. ಒಂಬತ್ತರಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಆ ಊರಿನ ಕಡೆಯಿಂದ ಟೆಲಿಫೋನು ನೋಡಿಕೊಳ್ಳುತ್ತಿದ್ದ ಧರಣೇಂದ್ರನ ದನಿ ಕೇಳಿ ಕೇಳಿಯೇ ಅಕ್ಕ ಅವನನ್ನು ಮೆಚ್ಚಿದಳು. ಒಳಗೆ ಹೋಗುವುದಕ್ಕೆ ದಾರಿಯಿದೆ, ಹೊರಗೆ ಬರುವುದಕ್ಕಿಲ್ಲ. ಅದು ಗೊತ್ತಿದ್ದೂ ಎಂಟು ವರ್ಷದ ಹಿಂದೆ ಒಂದು ಸೂಟ್‌ಕೇಸು ಹಿಡಿದು ಹೋದಳು. ನಾನು ಮೂಗು ಮುರಿದೆ, ಆಮೇಲೆ ಒಂದು ವಾರ ಅತ್ತೆ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಸಾಲುಮನೆಯ ಕಿಟಕಿಯ ಬಳಿ ಮೊದಲನೇ ಊರಿನ ಫೋನು ನಮ್ಮ ಪಾಲಿಗಿರುತ್ತಿತ್ತು. ಅವಳಿಗೊಂದು ಮಗುವಾಯಿತು, ಪದ್ಮಾವತಿ, ನಮ್ಮ ಪದ್ದಿ. ನಾನು ಪದ್ದಿಯ ಮುಖ ನೋಡಿಲ್ಲ, ನೋಡುವುದೂ ಇಲ್ಲ. ದನಿ ಮಾತ್ರ ಗೊತ್ತು. ಮೂರು ತುಂಬಲು ಎರಡು ತಿಂಗಳಿರುವಾಗಲೇ ಅವಳ ಬಾಯಿಗೆ ಬೀಗವಿರಲಿಲ್ಲ. ಕೊಡೆಗೆ ಡೊಕೆ ಅನ್ನುತ್ತಿದ್ದಳು, ನನಗೆ ಚಿಕ್ಕಿ. ಏನು ಹೇಳಿದರೂ ಕೊನೆಗೆ "ನಂಗೊತ್ತು" ಎಂದು ಸೇರಿಸುತ್ತಿದ್ದಳು.

ಬೇಸಿಗೆ ಬಂತೆಂದರೆ ಮೊದಲನೇ ಊರನ್ನು ಅರವತ್ತು ದಿನ ಮಲಗಿಸುತ್ತಿದ್ದರು. ಅದು ಹಳೆಯ ಊರಾದ್ದರಿಂದ ಎಲ್ಲಕ್ಕೂ ಸಾಲುಗಳನ್ನು ಕೇಳುತ್ತದೆ. ಯಂತ್ರ ಅಷ್ಟು ದಪ್ಪದ ಪುಸ್ತಕವನ್ನು ತಿರುವಿ ತಿರುವಿ ಕಾಯುತ್ತದೆ, ಬಿಸಿಲಿನ ದಿನಗಳಲ್ಲಿ ನೆಲಮಾಳಿಗೆಯ ಗೋಡೆ ಮುಟ್ಟಲಾಗುತ್ತಿರಲಿಲ್ಲ. ಮಲಗುವ ಊರಿನವರಿಗೆ ಇದರಿಂದ ತೊಂದರೆಯೇನಿಲ್ಲ. ರಾತ್ರಿ ಮಲಗುತ್ತಾರೆ, ಬೆಳಗ್ಗೆ ಆರಕ್ಕೆ ಏಳುತ್ತಾರೆ, ನಡುವೆ ನಮಗೆ ಎರಡು ತಿಂಗಳು ಕಳೆದಿರುತ್ತದೆ. ಆದರೆ ಅರವತ್ತು ದಿನ ದಾಟಬಾರದು. ದಾಟಿದರೆ ಒಂದೊಂದು ದಿನಕ್ಕೆ ಒಂದೊಂದು ವರ್ಷದ ನೆನಪು ಹೋಗುತ್ತದೆ, ಹೊಸದು ಮೊದಲು. ನಾನು ಕೆಲಸಕ್ಕೆ ಸೇರುವ ಮುಂಚೆ ಒಮ್ಮೆ ಏಳನೇ ಊರಿಗೆ ಒಂದು ದಿನ ತಡವಾಗಿತ್ತಂತೆ. ಆ ಊರಿನ ಹೈಸ್ಕೂಲಿನಲ್ಲಿ ಇಡೀ ಶಾಲೆ ಹಿಂದಿನ ವರ್ಷದ ತರಗತಿಗಳಿಗೆ ಹೋಗಿ ಕುಳಿತಿತ್ತು ಎಂದು ಈಗಲೂ ಹೇಳುತ್ತಾರೆ.

ಎರಡು ತಿಂಗಳು ಅಕ್ಕನ ದನಿಯಿಲ್ಲದೆ ಇರುವುದು ನನಗೆ ಪ್ರತಿ ವರ್ಷವೂ ಕಷ್ಟವಾಗುತ್ತಿತ್ತು. ಆದ್ದರಿಂದಲೇ, ನಂಬಿದರೆ ನಂಬಿ, ಆ ದೊಡ್ಡ ಸ್ವಚ್ಛತೆಯ ಕೆಲಸವನ್ನು ನಾನೇ ಮೇಲೆ ಬಿದ್ದು ಕೇಳಿ ತೆಗೆದುಕೊಂಡೆ. ಸತ್ತ ಸಾಲುಗಳನ್ನೆಲ್ಲ ತೆಗೆದು ಪುಸ್ತಕವನ್ನು ಅರ್ಧಕ್ಕಿಳಿಸಿದರೆ ಯಂತ್ರ ಕಾಯುವುದಿಲ್ಲ, ಮುಂದಿನ ಬೇಸಿಗೆಯಿಂದ ಯಾವ ಊರನ್ನೂ ಮಲಗಿಸಬೇಕಿಲ್ಲ. ನಮ್ಮ ಮುಖ್ಯಸ್ಥೆ ಲೂಸಿ ಮೇಡಂ ಒಪ್ಪಿಕೊಂಡರು. ಯಾವ ಸಾಲು ಸತ್ತಿದೆ ಎಂದು ಗೊತ್ತಾಗಲು ನಮ್ಮಲ್ಲಿ ಗೀಟುಪುಸ್ತಕವಿದೆ. ಯಂತ್ರ ಒಂದು ಸಾಲನ್ನು ಬಳಸಿದಾಗಲೆಲ್ಲ ಗುಮಾಸ್ತರು ಆ ಸಾಲಿನ ಸಂಖ್ಯೆಯ ಎದುರಿಗೆ ಒಂದು ಗೀಟು ಹಾಕುತ್ತಾರೆ. ಮೂರು ವರ್ಷ ಒಂದೂ ಗೀಟು ಬೀಳದ ಸಾಲು ನನ್ನ ಪಾಲಿಗೆ ಬರುತ್ತದೆ. ನಾನು ಸಾಲನ್ನು ಓದುತ್ತಿರಲಿಲ್ಲ. ಓದಿದರೆ ಕೈ ಬರುವುದಿಲ್ಲ. ಒಂದೊಂದರಲ್ಲೂ ಯಾರೋ ಏನೋ ಯೋಚನೆ ಮಾಡಿ ಬರೆದಿರುತ್ತಾರೆ, ಪಾಪ ಅನ್ನಿಸಿಬಿಡುತ್ತದೆ. ಗೀಟು ನೋಡುತ್ತಿದ್ದೆ, ಹಾಳೆ ಕೀಳುತ್ತಿದ್ದೆ, ನೀರಿನ ತೊಟ್ಟಿಗೆ ಹಾಕುತ್ತಿದ್ದೆ. ಕಿತ್ತ ಹಾಳೆ ಸಂಜೆಗೆ ಮುದ್ದೆಯಾಗುತ್ತಿತ್ತು. ಹಳೇ ನಕಲುಗಳು ಮತ್ತೆ ಪುಸ್ತಕದೊಳಗೆ ನುಸುಳಿ ಫಜೀತಿಯಾಗುವುದು ಬೇಡವೆಂದು ಆ ನಿಯಮವನ್ನೂ ನಾನೇ ಮಾಡಿಸಿದ್ದೆ.

ಎಂಟುನೂರ ಹನ್ನೊಂದನೇ ಸಾಲನ್ನು ಕಿತ್ತ ದಿನ ನಂಜುಂಡಾರಾಧ್ಯರು ಅಲ್ಲೇ ಬೆಂಚಿನ ಮೇಲೆ ಪೇಪರು ಓದುತ್ತಾ ಕುಳಿತಿದ್ದರು. ಮೊದಲನೇ ಊರನ್ನು ಇಳಿಸಿದಾಗ ಸಾಲುಗಳನ್ನು ಬರೆದವರು ಅವರೇ. ನಿವೃತ್ತರಾಗಿ ವರ್ಷಗಳಾದರೂ ದಿನಾ ಬೆಳಗ್ಗೆ ಬಂದು ಕೂರುತ್ತಿದ್ದರು, ನಾವು ಚಹಾ ಕೊಡುತ್ತಿದ್ದೆವು. ಹಾಳೆಯ ಅಂಚಿನಲ್ಲಿ ತಮ್ಮ ಹೆಸರು ಕಂಡು ಅವರು ಪೇಪರು ಮಡಿಸಿದರು.

"ಅದನ್ನ ಯಾಕಮ್ಮ ಕೀಳ್ತಿದೀಯ?"

"ಒಂದು ಗೀಟೂ ಬಿದ್ದಿಲ್ಲ ಸಾರ್. ಮೂರು ವರ್ಷ ಅಲ್ಲ, ಗೀಟುಪುಸ್ತಕ ಶುರುವಾದಾಗಿನಿಂದ್ಲೂ ಇಲ್ಲ."

"ಗೀಟಿಲ್ಲ ಅಂದ್ರೆ ಕೆಲಸ ಇಲ್ಲ ಅಂತಾನಾ?"

"ಮತ್ತಿನ್ನೇನು? ನೀವೇ ಬರೆದಿದ್ದಲ್ವಾ, ಇದೇನು ಮಾಡುತ್ತೆ ಹೇಳಿ ನೋಡೋಣ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಮಾಡೋದೇನೂ ಇಲ್ಲ. ಕೇಳಿದ್ರೆ ಒಂದು ಮಾತು ಹೇಳುತ್ತೆ, ಅಷ್ಟೇ. ಆದ್ರೆ ಅದನ್ನ ಯಾಕೆ ಹಾಕಿದ್ವಿ ಅಂದ್ರೆ, ಆಗ ಏನಾಗಿತ್ತಪ್ಪಾ ಅಂದ್ರೆ..."

"ಸಾರ್, ಹೀಗೇ ಒಂದೊಂದಕ್ಕೂ ಕಥೆ ಕೇಳ್ತಾ ಕೂತ್ರೆ ಈ ಜನ್ಮದಲ್ಲಿ ಮುಗಿಯಲ್ಲ. ಬೇಕಿದ್ರೆ ಪಕ್ಕದಲ್ಲಿ ಕಾರಣ ಬರೆದಿಡಬೇಕಿತ್ತು. ನಿಮ್ಮ ಕಾಲದವರು ಯಾರೂ ಬರೆದಿಲ್ಲ."

ಅಕ್ಕಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಆರಾಧ್ಯರು ಪೇಪರನ್ನು ಬೆಂಚಿನ ಮೇಲಿಟ್ಟರು. ಚಹಾ ಅರ್ಧದಲ್ಲೇ ಬಿಟ್ಟು ಎದ್ದು ಹೋದವರು ಮಾರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಬೇಜಾರಾಗಿರಬೇಕು, ಸರಿಹೋಗುತ್ತಾರೆ ಎಂದುಕೊಂಡೆ. ನಿಯಮದಂತೆ ಒಂಬತ್ತೂ ಊರುಗಳಿಗೆ ನೋಟೀಸು ಕಳಿಸಿ ಮೂವತ್ತು ದಿನ ಕಾದೆವು, ತಕರಾರಿದ್ದರೆ ಆ ಹಾಳೆಯನ್ನು ಮತ್ತೆ ಬರೆಸಬಹುದಿತ್ತು. ಆ ಭಾನುವಾರ ಅಕ್ಕನೇ ಅದನ್ನು ಓದಿ ಹೇಳಿದಳು. "ಇಲ್ಲಿ ಚಾವಡಿ ಗೋಡೆಗೆ ಏನೋ ಅಂಟಿಸಿದಾರೆ ಮಾಲಿ. ಎಂಟುನೂರ ಹನ್ನೊಂದನೇ ಸಾಲು ತೆಗೆದಿದಾರಂತೆ, ಬೇಕಾದವರು ತಿಳಿಸಬೇಕಂತೆ. ನಮಗೇನು ಗೊತ್ತೇ, ಅದು ಯಾವ ಸಾಲು ಅಂತ?" ನಾನು, "ಅದು ಕಸ, ತಲೆ ಕೆಡಿಸ್ಕೋಬೇಡ" ಎಂದೆ.

ಊರು ಮಲಗುವ ಹಿಂದಿನ ಸಂಜೆ ಅಕ್ಕ ಫೋನು ಮಾಡಿದಳು. ಪದ್ದಿ ತಾನೇ ಮಾತಾಡಬೇಕೆಂದು ಹಟ ಹಿಡಿದು ಕಸಿದುಕೊಂಡಳು. "ಚಿಕ್ಕಿ, ನಾವು ಡೊಡ್ಡ ನಿದ್ದೆ ಮಾಡ್ತೀವಿ. ನಂಗೊತ್ತು." ಮುಂದಿನ ವರ್ಷ ಈ ದೊಡ್ಡ ನಿದ್ದೆ ಇರುವುದಿಲ್ಲ ಚಿನ್ನ, ಚಿಕ್ಕಿ ನಿಲ್ಲಿಸಿಬಿಡ್ತಾಳೆ ಎಂದು ನಾನು ಜಂಬ ಕೊಚ್ಚಿಕೊಂಡೆ.

ಅರವತ್ತನೆಯ ದಿನ ಬೆಳಗ್ಗೆ ಐದೂವರೆಗೇ ಕಿಟಕಿಯ ಬಳಿ ಹೋಗಿ ಕುಳಿತಿದ್ದೆ. ಏಳುತ್ತಿದ್ದಂತೆ ಅಕ್ಕ ಫೋನು ಮಾಡುವುದು ವಾಡಿಕೆ. ಆರಕ್ಕೆ ಸರಿಯಾಗಿ ಗಂಟೆ ಬಾರಿಸಿತು. ಎತ್ತಿ "ಅಕ್ಕಾ" ಎಂದೆ. ಆ ಕಡೆಯಿಂದ ಗಂಡಸಿನದೂ ಅಲ್ಲದ, ಹೆಂಗಸಿನದೂ ಅಲ್ಲದ ಒಂದು ದನಿ ಕೇಳಿತು.

"ಅದೇ ನೆಲವಾ?"

ನನಗೆ ಅರ್ಥವಾಗಲಿಲ್ಲ. ಯಾರು, ಯಾರು ಮಾತಾಡೋದು ಎಂದು ಕೇಳಿದೆ. ದನಿ ಮತ್ತೆ ಕೇಳಿತು, ಅದೇ ನೆಲವಾ? ಸ್ವಲ್ಪ ತಡೆದು ಮೂರನೇ ಸಲ ಕೇಳಿತು. ಆಮೇಲೆ ಏನೂ ಇಲ್ಲ. ನೆಲಮಾಳಿಗೆಯಲ್ಲಿ ಯಂತ್ರ ಒಂದು ಚೀಟಿ ಉಗುಳಿತ್ತು. ಅದರಲ್ಲಿದ್ದದ್ದು ಇಷ್ಟೇ: ಎಂಟುನೂರ ಹನ್ನೊಂದು, ಇಲ್ಲ.

ಏನಾಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರು ಎಚ್ಚರವಾಗುವ ಮುಂಚೆ ಒಂದು ಪ್ರಶ್ನೆ ಕೇಳುತ್ತದೆ. ಇಷ್ಟು ವರ್ಷವೂ ಆ ಸಾಲು ಅದನ್ನು ಕೇಳಿಸಿಕೊಂಡು, ನಮ್ಮ ಕಿವಿಗೆ ಬೀಳುವ ಮೊದಲೇ ಉತ್ತರ ಕೊಟ್ಟುಬಿಡುತ್ತಿತ್ತು. ವರ್ಷಕ್ಕೆ ಒಂದೇ ಸಲ, ಬೆಳಗ್ಗೆ ಆರಕ್ಕೆ. ಗೀಟು ಹಾಕುವ ಗುಮಾಸ್ತರು ಕೆಲಸಕ್ಕೆ ಬರುವುದು ಹತ್ತು ಗಂಟೆಗೆ. ಮೊದಲಿನಿಂದಲೂ ಹತ್ತು ಗಂಟೆಗೇ. ನಮ್ಮಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ, ಹೊಳೆಯಬೇಕಾಗಿದ್ದುದು ನನಗೆ.

ಊರು ಇನ್ನು ಕೇಳುವುದು ಮಾರನೆಯ ಬೆಳಗ್ಗೆ ಆರಕ್ಕೆ. ಬಾಯಲ್ಲಿ ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ, ಪುಸ್ತಕದಲ್ಲಿ ಬರೆದದ್ದಷ್ಟೇ ಮುಟ್ಟುತ್ತದೆ. ಒಂದು ವರ್ಷ ಆಗಲೇ ಹೋಗಿತ್ತು. ಮುನ್ನೂರ ಹನ್ನೆರಡು ಜನರ ಒಂದೊಂದು ವರ್ಷ. ಲೂಸಿ ಮೇಡಂ ಬಂದರು. ಅವರು ಕೂಗಾಡುವವರಲ್ಲ, ಕುರ್ಚಿ ಎಳೆದುಕೊಂಡು ನನ್ನೆದುರು ಕುಳಿತರು.

"ಸಾಲಲ್ಲಿ ಏನು ಬರೆದಿತ್ತು ಮಾಲಿನಿ?"

"ಓದಿಲ್ಲ ಮೇಡಂ."

"ಆರಾಧ್ಯರನ್ನ ಒಂದ್ಸಲ ಕೇಳಿದ್ರೆ?"

ಅವರ ಮನೆ ಸಾಲುಮನೆಯಿಂದ ಹತ್ತು ನಿಮಿಷದ ದಾರಿ. ಹತ್ತು ನಿಮಿಷ. ನಾನು ಹೋಗಲಿಲ್ಲ. ನಾಲ್ಕು ಜನರೆದುರು ನಕ್ಕವಳು ಈಗ ಯಾವ ಮುಖ ಹೊತ್ತು ಅವರ ಬಾಗಿಲು ತಟ್ಟಲಿ? "ಪ್ರಶ್ನೆ ಗೊತ್ತಾಗಿದೆಯಲ್ಲ ಮೇಡಂ. ಉತ್ತರ ಬರೆಯೋದಕ್ಕೆ ಅವರೇ ಯಾಕೆ ಬೇಕು?" ಎಂದೆ. ಇವಳ ಅಕ್ಕನೇ ಒಳಗಿದ್ದಾಳೆ, ಹುಡುಗಾಟ ಆಡುವುದಿಲ್ಲ ಎಂದು ಮೇಡಂ ಅಂದುಕೊಂಡಿರಬೇಕು. ಸರಿ ಎಂದರು.

ಉತ್ತರವನ್ನು ನಾನು ನಿಜವಾಗಿ ಯೋಚಿಸಿಯೇ ಬರೆದೆ. ಅದೇ ನೆಲವಾ ಎಂದು ಕೇಳಿದರೆ ಏನು ಹೇಳಬೇಕು? ಅಲ್ಲ. ಹಳೆಯ ನೆಲ ಸವೆದುಹೋಗಿ ನಲವತ್ತು ವರ್ಷವಾಯಿತು, ಒಳಗಿನ ಮಗುವಿಗೂ ಅದು ಗೊತ್ತು. ಸುಳ್ಳು ಸಾಲನ್ನು ನಾನು ಬರೆಯುವವಳಲ್ಲ. "ಅದಲ್ಲ. ಇದು ಬೇರೆ ನೆಲ. ಗಟ್ಟಿಯಾಗಿದೆ, ಏಳಿ," ಎಂದು ದುಂಡಗೆ ಬರೆದು ಎಂಟುನೂರ ಹನ್ನೊಂದರ ಜಾಗಕ್ಕೆ ಸೇರಿಸಿದೆ. ಪಕ್ಕದಲ್ಲಿ ನನ್ನ ಹೆಸರು ಹಾಕಿದೆ. ಇಪ್ಪತ್ತೊಂದು ವರ್ಷದಲ್ಲಿ ನಾನು ಬರೆದ ಮೊದಲ ಸಾಲು ಅದು. ನಾಚಿಕೆಯಾಗುತ್ತದೆ ಹೇಳಲು, ಅಷ್ಟು ಭಯದಲ್ಲೂ ನನಗೆ ಒಂದು ಗಳಿಗೆ ಸಂತೋಷವಾಯಿತು.

ಮಾರನೆಯ ಬೆಳಗ್ಗೆ ಆರಕ್ಕೆ ಫೋನು ಒಂದೇ ಒಂದು ಸಲ ಅರೆಬರೆ ಸದ್ದು ಮಾಡಿ ನಿಂತಿತು. ಕೆಳಗೆ ಓಡಿಹೋಗಿ ನೋಡಿದರೆ ಯಂತ್ರದ ಮೇಲೆ ಮೊದಲನೇ ಊರಿನ ಎಚ್ಚರ ತೋರಿಸುವ ಮುಳ್ಳು ನಿನ್ನೆಗಿಂತ ಕೆಳಗಿಳಿದಿತ್ತು. ಊರು ಕೇಳಿತ್ತು, ಉತ್ತರ ಸಿಕ್ಕಿತ್ತು, ಇನ್ನೂ ಆಳವಾದ ನಿದ್ದೆಗೆ ಹೋಗಿತ್ತು. ಎರಡು ವರ್ಷ. ಮೂರು ತುಂಬದ ಮಗುವಿನಿಂದ ಎರಡು ವರ್ಷ ತೆಗೆದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ತಾನಾಗಿ ತಲೆಗೆ ಬಂತು. ನಾನು ಚಪ್ಪಲಿಯನ್ನೂ ಹಾಕದೆ ಆರಾಧ್ಯರ ಮನೆಗೆ ಓಡಿದೆ.

ಅವರು ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಬಾಯಿ ತೊಳೆದುಕೊಂಡು ಬಂದರು. ನಾನು ಬರೆದದ್ದನ್ನು ಹೇಳಿದಾಗ ಮಾತ್ರ ಹಣೆ ಹಿಡಿದುಕೊಂಡರು.

"ಅಲ್ಲ ಅಂತ ಬರೆದ್ಯಾ? ಅಯ್ಯೋ ತಾಯಿ."

"ನಿಜಾನೇ ತಾನೇ ಸಾರ್ ಬರೆದಿದ್ದು? ಎಲ್ಲರಿಗೂ ಗೊತ್ತಿರೋದೇ."

"ಜನಕ್ಕೆ ಗೊತ್ತು ಕಣಮ್ಮ. ಊರಿಗೆ ಹೇಳಿಲ್ಲ ನಾವು. ಇಳಿಸಿದ ಮೊದಲನೇ ದಿನ ಅದು ಕೇಳ್ತು, ನಾನೂ ನಿನ್ನ ಹಾಗೇ ನಿಜ ಹೇಳೋಕೆ ಹೋದೆ. ಏಳಲೇ ಇಲ್ಲ. ಊರು ಅಂದ್ರೆ ಮನುಷ್ಯರಲ್ಲ, ಅದಕ್ಕೆ ಸಮಾಧಾನ ಹೇಳೋಕಾಗಲ್ಲ. ತನ್ನ ನೆಲ ಅಲ್ಲ ಅಂದ್ರೆ ಅದು ಕಾಲೂರಲ್ಲ. ಅದೇ ಅನ್ನಬೇಕು. ಅಷ್ಟೇ. ಎರಡಕ್ಷರ." ಶರಟು ಹಾಕಿಕೊಳ್ಳುತ್ತಾ ಅವರು ಮತ್ತೆ ಹೇಳಿದರು, "ಅವತ್ತು ಇದನ್ನೇ ಹೇಳೋಕೆ ಹೊರಟಿದ್ದೆ. ನೆನಪಿಗೆ ಬರೋದು ಸ್ವಲ್ಪ ತಡ ಆಯ್ತು."

ಬೈದಿದ್ದರೆ ಸಹಿಸಬಹುದಿತ್ತು. ಅವರ ಜೊತೆ ನಡೆದು ಬರುವಾಗ ದಾರಿಯುದ್ದಕ್ಕೂ ಅಳುತ್ತಿದ್ದೆ, ಅವರು ನೋಡದವರಂತೆ ಮುಂದೆ ಮುಂದೆ ನಡೆದರು. ನಿನ್ನೆ ಬಂದಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಆ ಹತ್ತು ನಿಮಿಷದ ದಾರಿಯನ್ನು ಇವತ್ತಿಗೂ ನಾನು ನಡೆಯಲಾರೆ, ಸುತ್ತು ಬಳಸಿ ಹೋಗುತ್ತೇನೆ.

ಮೂರನೆಯ ಬೆಳಗ್ಗೆ ಅವರ ಕೈಬರಹದ "ಅದೇ" ಎಂಟುನೂರ ಹನ್ನೊಂದರ ಜಾಗದಲ್ಲಿತ್ತು. ಆರು ಹೊಡೆಯಿತು. ಫೋನು ಸದ್ದು ಮಾಡಲಿಲ್ಲ, ಕೆಳಗಿನಿಂದ ಲೂಸಿ ಮೇಡಂ ಕೂಗಿದ್ದು ಕೇಳಿಸಿತು, ಮುಳ್ಳು ಏರುತ್ತಿದೆ ಎಂದು. ಹತ್ತು ನಿಮಿಷದ ಮೇಲೆ ಗಂಟೆ ಬಾರಿಸಿತು. ಅಕ್ಕನೇ.

"ಮಾಲಿ, ಇಲ್ಲಿ ಏನೋ ಆಗಿದೆ ಕಣೆ. ಮಗು ನೋಡು, ಇಷ್ಟುದ್ದ ಆಗ್ಬಿಟ್ಟಿದೆ. ರಾತ್ರಿ ಮಲಗಿಸಿದಾಗ ತೊಟ್ಟಿಲಲ್ಲಿ ಹಿಡೀತಿತ್ತು. ಈಗ ಕಾಲು ಹೊರಗೆ ಬಂದಿದೆ. ಆದ್ರೆ ಅಂಬೆಗಾಲೇ ಇಡುತ್ತೆ. ನಿಲ್ಲಿಸಿದ್ರೆ ಬೀಳುತ್ತೆ. ಏನಾಯ್ತೇ ಇದಕ್ಕೆ?"

ಹಿಂದೆ ಪದ್ದಿಯ ಅಳು ಕೇಳುತ್ತಿತ್ತು. ಮಾತಿಲ್ಲದ ಬರೀ ಅಳು. ನಾನು ಹೇಳಿದೆ. ಎರಡು ದಿನ ತಡವಾಯಿತು, ಕಾರಣ ನಾನು, ಮೊದಲನೇ ದಿನವೂ ನಾನು, ಎರಡನೇ ದಿನವೂ ನಾನು ಎಂದು ಹೇಳಿದೆ. ಅಕ್ಕ ಫೋನು ಇಟ್ಟಳು.

ಮೊದಲನೇ ಊರು ಆ ಎರಡು ವರ್ಷವಿಲ್ಲದೆ ಬದುಕಲು ಕಲಿಯಿತು. ಕಿಟಕಿಯ ಬಳಿ ಕುಳಿತು ನಾನು ಒಂದೊಂದನ್ನೇ ಕೇಳಿಸಿಕೊಂಡೆ, ಲೂಸಿ ಮೇಡಂ ನನಗೆ ಕೊಟ್ಟ ಶಿಕ್ಷೆ ಅದು. ಹೊರಗಿನವರಿಗೆ ಗೊತ್ತಿರುವುದನ್ನೆಲ್ಲ ಕೇಳಿದವರಿಗೆ ತಿಳಿಸಬೇಕಿತ್ತು. ದರ್ಜಿಯೊಬ್ಬರ ಅಂಗಡಿಯಲ್ಲಿ ಕತ್ತರಿಸಿಟ್ಟ ಬಟ್ಟೆಗಳಿದ್ದವು, ಯಾರ ಅಳತೆ ಎಂದು ಗೊತ್ತಿರಲಿಲ್ಲ. ಊರವರನ್ನೆಲ್ಲ ಸಾಲಾಗಿ ಕರೆದು ಅಳತೆ ನೋಡಿದರಂತೆ. ಜಗಳವಾಡಿ ಬೇರೆಯಾಗಿದ್ದ ಗಂಡ ಹೆಂಡತಿ ಜಗಳ ಮರೆತು, ಎರಡು ಮನೆಗಳಲ್ಲಿ ತಮ್ಮ ಸಾಮಾನು ಹೇಗೆ ಹಂಚಿಹೋಯಿತೆಂದು ಆಶ್ಚರ್ಯಪಟ್ಟು, ಮತ್ತೆ ಒಂದೇ ಮನೆಗೆ ಸಾಗಿಸಿದರು. ಒಬ್ಬ ಮುದುಕರು ನಾಲ್ಕು ದಿನ ಬಿಡದೆ ಫೋನು ಮಾಡಿದರು. ಅವರ ಹೆಂಡತಿ ಎದ್ದ ಬೆಳಗ್ಗೆಯಿಂದ ಕಾಣುತ್ತಿರಲಿಲ್ಲ. ಆಕೆ ತೀರಿಕೊಂಡು ವರ್ಷವಾಗಿತ್ತು, ನಮ್ಮ ದಾಖಲೆಯಲ್ಲಿತ್ತು. ನಾನೇ ಹೇಳಬೇಕಾಯಿತು. ಎರಡನೇ ಸಲ ಆ ಮಾತು ಕೇಳಿದ ಅವರು, "ಅವತ್ತು ನಾನು ಹತ್ತಿರ ಇದ್ನಾ?" ಎಂದು ಕೇಳಿದರು. ಇದ್ದಿರಿ ಎಂದೆ. ಅದು ನಿಜವಾಗಿತ್ತು.

ಕೆಲಸದಿಂದ ನನ್ನನ್ನು ತೆಗೆಯಲಿಲ್ಲ. ತೆಗೆದಿದ್ದರೆ ಒಳ್ಳೆಯದಿತ್ತೇನೋ. ಈಗ ಸಾಲುಮನೆಯಲ್ಲಿ ಯಾವ ಸಾಲನ್ನೂ ಕಾರಣ ಬರೆಯದೆ ಇಡುವಂತಿಲ್ಲ, ಓದದೆ ಕೀಳುವಂತಿಲ್ಲ. ಗುಮಾಸ್ತರಲ್ಲಿ ಒಬ್ಬರು ಬೆಳಗ್ಗೆ ಐದಕ್ಕೇ ಬರುತ್ತಾರೆ. ಆರಾಧ್ಯರು ಮತ್ತೆ ಬೆಂಚಿಗೆ ಬಂದು ಕೂರುತ್ತಾರೆ, ನಾನು ಒಂದೊಂದೇ ಹಳೆಯ ಸಾಲನ್ನು ಓದಿ ಕೇಳಿ, ಅವರಿಗೆ ನೆನಪಾದದ್ದನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ನೆನಪಾಗದಿದ್ದರೆ ಅದನ್ನೂ ಹಾಗೆಯೇ ಬರೆಯುತ್ತೇನೆ. ಎಂಟುನೂರ ಹನ್ನೊಂದರ ಪಕ್ಕದಲ್ಲಿ, ಈ ಸಾಲು ಏನೂ ಮಾಡುವುದಿಲ್ಲ, ದಯವಿಟ್ಟು ತೆಗೆಯಬೇಡಿ ಎಂದು ಬರೆದೆವು. ಪುಸ್ತಕ ಮೊದಲಿಗಿಂತ ದಪ್ಪವಾಗಿದೆ. ಬೇಸಿಗೆಯಲ್ಲಿ ಊರನ್ನು ಮಲಗಿಸುವುದು ತಪ್ಪಿಲ್ಲ.

ಅಕ್ಕ ಆರು ಭಾನುವಾರ ಫೋನಿಗೆ ಬರಲಿಲ್ಲ. ಧರಣೇಂದ್ರ ಭಾವನೇ ಎತ್ತುತ್ತಿದ್ದ. "ಅವಳು ಬರಲ್ಲ ಅಂತಿದಾಳೆ ಮಾಲಿನಿ. ನೀನು ತಪ್ಪು ತಿಳ್ಕೋಬೇಡ," ಎನ್ನುತ್ತಿದ್ದ. ತಪ್ಪು ತಿಳಿಯಲು ನನಗೇನು ಅಧಿಕಾರವಿತ್ತು? ಪದ್ದಿ ಹೇಗಿದ್ದಾಳೆ ಎಂದಷ್ಟೇ ಕೇಳುತ್ತಿದ್ದೆ. ಕಂಬ ಹಿಡಿದು ನಿಲ್ತಾಳೆ, ಎರಡು ಹೆಜ್ಜೆ ಇಟ್ಟಳು, ಮಾತು ಇನ್ನೂ ಇಲ್ಲ. ಏಳನೇ ಭಾನುವಾರ ಹನ್ನೊಂದಕ್ಕೆ ಎತ್ತಿದರೆ ಆ ಕಡೆ ಯಾರೂ ಮಾತಾಡಲಿಲ್ಲ. ಉಸಿರು ಗುರುತು ಸಿಕ್ಕಿತು.

"ಅಕ್ಕ?"

"ಹೂಂ." ಕಾಗದ ಬಿಡಿಸಿಕೊಂಡ ಸದ್ದಾಯಿತು. "ನಿನ್ನ ಮೇಲೆ ಕೋಪ ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಬೇರೆ ಒಂದು ವಿಷಯಕ್ಕೆ ಮಾಡಿದೆ."

"ಹೇಳಕ್ಕ."

"ಇವಳು ಮೊದಲು ಮಾತಾಡ್ತಿದ್ಲು ಅಂತ ಇವರಿಗೆ ಹೇಳಿದ್ಯಂತಲ್ಲ. ಏನೇನು ಮಾತಾಡ್ತಿದ್ಲು? ಇಲ್ಲಿ ಯಾರಿಗೂ ಗೊತ್ತಿಲ್ಲ. ಇವರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ನಿಂಗೊಬ್ಬಳಿಗೇ ಗೊತ್ತಿರೋದು."

ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆ ಮಗುವಿನ ಎರಡು ವರ್ಷ ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ನನ್ನಲ್ಲಿ ಮಾತ್ರ. ನಾನು ಹೇಳತೊಡಗಿದೆ. ಕೊಡೆಗೆ ಡೊಕೆ ಅನ್ನುತ್ತಿದ್ದದ್ದು, ಅವಳಪ್ಪನನ್ನು ಹೆಸರು ಹಿಡಿದು ಕರೆದು ಬೈಸಿಕೊಂಡದ್ದು, ಚಂದ್ರ ಯಾಕೆ ಸ್ನಾನ ಮಾಡಲ್ಲ ಎಂದು ಕೇಳಿದ್ದು. ಎಲ್ಲದರ ಕೊನೆಗೂ ನಂಗೊತ್ತು ಎನ್ನುತ್ತಿದ್ದಳೆಂದಾಗ ಅಕ್ಕ ನಕ್ಕಳು, ನಗುತ್ತಲೇ ಅತ್ತಳು. ನಿಧಾನ ಹೇಳು, ಬರೆದುಕೊಳ್ಳುತ್ತಿದ್ದೇನೆ ಎಂದಳು. ಎಲ್ಲವೂ ನಿಜವೇ, ಒಂದನ್ನೂ ನಾನು ಸೇರಿಸಿರಲಿಲ್ಲ. ಕೊನೆಗೆ ಕೇಳಿದಳು.

"ಮಾಲಿ, ಎಲ್ಲಕ್ಕಿಂತ ಮೊದಲು ಏನಂದ್ಲು? ಮೊಟ್ಟಮೊದಲನೇ ಮಾತು? ಆ ಭಾನುವಾರ ನಾನು ನಿಂಗೆ ಹೇಳೇ ಇರ್ತೀನಿ. ಹೇಳದೆ ಇರೋಳಲ್ಲ ನಾನು."

ಹೇಳಿದ್ದಳು. ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಗೀಟುಪುಸ್ತಕವನ್ನು ಎದುರಿಗಿಟ್ಟುಕೊಂಡು, ಸತ್ತ ಸಾಲುಗಳಿಗೆ ಕೆಂಪು ಗುರುತು ಹಾಕುತ್ತಿದ್ದೆ. ಅಕ್ಕ ಕುಣಿಯುವ ದನಿಯಲ್ಲಿ ಏನೋ ಹೇಳಿದಳು, ನಾನು "ಹೌದಾ, ಅಯ್ಯೋ ಬಂಗಾರ" ಎಂದೆ. ಯಾವ ಮಾತೆಂದು ಕಿವಿಗೆ ಹಾಕಿಕೊಂಡಿರಲಿಲ್ಲ. ಎಷ್ಟು ತಡಕಾಡಿದರೂ ಆ ಜಾಗದಲ್ಲಿ ಏನೂ ಇಲ್ಲ.

ನೆನಪಿಲ್ಲ ಅಕ್ಕ ಎನ್ನಲು ಬಾಯಿ ತೆರೆದೆ. ಆ ಕಡೆ ಪೆನ್ನು ಹಿಡಿದು ಅವಳು ಕಾಯುತ್ತಿದ್ದಳು. ಅಮ್ಮ ಎಂದುಬಿಡಬಹುದಿತ್ತು, ಆದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆಂದು ಅವಳಿಗೆ ತಕ್ಷಣ ಗೊತ್ತಾಗುತ್ತಿತ್ತು.

"ಕಾಕಾ ಅಂದ್ಲು," ಎಂದೆ.

"ಕಾಕಾ?"

"ಕಾಗೆ ನೋಡಿ. ನೀನು ಅವಳಿಗೆ ಊಟ ಮಾಡಿಸ್ತಿದ್ದೆ."

"ಅಮ್ಮ ಅನ್ಲಿಲ್ವಾ ಹಾಗಿದ್ರೆ!" ಅಕ್ಕ ಮೂಗೊರೆಸಿಕೊಂಡು ನಕ್ಕಳು. "ಇಷ್ಟೆಲ್ಲ ಸಾಕಿದ್ದಕ್ಕೆ ಕಾಗೆಗಿಂತ ಕಡೆ ಆದೆ ನೋಡು. ಬೆಳಗ್ಗೆನಾ, ಸಾಯಂಕಾಲನಾ?"

"ಮಧ್ಯಾಹ್ನ. ಹಿತ್ತಿಲಲ್ಲಿ. ಮೊಸರನ್ನ."

ಅವಳು ಬರೆದುಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಮಗುವನ್ನು ಹತ್ತಿರ ಎಳೆದುಕೊಂಡು, ಏಯ್ ಪದ್ದಿ, ನಿಂಗೊತ್ತಾ, ನಿನ್ನ ಮೊದಲನೇ ಮಾತು ಕಾಕಾ ಅಂತೆ, ಎಲ್ಲಿ ಹೇಳು ನೋಡೋಣ, ಕಾಕಾ ಎಂದು ಕಲಿಸತೊಡಗಿದಳು. ನಾನು ಫೋನನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಒಂದು ಚೀಟಿಯ ಮೇಲೆ ಬರೆದೆ: ಕಾಕಾ, ಮಧ್ಯಾಹ್ನ, ಹಿತ್ತಿಲು, ಮೊಸರನ್ನ. ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡೆ. ನಾನು ಬದುಕಿರುವಷ್ಟು ಕಾಲ, ಅಕ್ಕ ಯಾವತ್ತು ಕೇಳಿದರೂ, ಒಂದಕ್ಷರ ಬದಲಾಗದಂತೆ ಇದನ್ನೇ ಹೇಳಬೇಕು.